ಗಡಿಗೆಯನ್ನು ಮುಟ್ಟಬಾರದು

ಬೆಳಗಾವಿಯ ಬಡಾವಣೆಯೊಂದರ ಪುಟ್ಟ ಕಲಾ ಗ್ಯಾಲರಿಯಲ್ಲಿ ನಡೆದ ಗಡಿಗೆಗಳ ಪ್ರದರ್ಶನದ ಸುದ್ದಿಯನ್ನು ತಾವು ಓದಿಯೇ ಇರುತ್ತೀರಿ. ಫೋಟೋದಲ್ಲಿ ಎಂಟು ಜನ ಗಣ್ಯರು ದೀಪದ ಸುತ್ತ ನಿಂತಿದ್ದರು. ಎಂಟನೆಯವರ ಭುಜದ ಹಿಂದೆ ಅರ್ಧ ಕಿವಿಯಷ್ಟೇ ಕಂಡದ್ದು ಗಡಿಗೆ ಮಾಡಿದವರದು.

ಆ ಅರ್ಧ ಕಿವಿಯ ಬಗ್ಗೆ ನನಗೆ ಗೌರವವಿದೆ. ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಹಿತ್ತಲಿನಲ್ಲಿ ತಿಗರಿ ಹೂಡಿ, ಯಾವ ಗುರುವೂ ಇಲ್ಲದೆ, ಒಡೆದ ಗಡಿಗೆಗಳಿಂದಲೇ ಪಾಠ ಕಲಿತವರು ಅವರು. ಆದರೆ ಅಧ್ಯಕ್ಷರು 'ಸ್ವಯಂಕಲಿತ ಕಲಾವಿದ' ಎಂಬ ಪದವನ್ನು ಹನ್ನೊಂದು ಸಲ ಉಚ್ಚರಿಸಿದಾಗ ನನಗೆ ಖಾನಾಪುರ ನೆನಪಾಯಿತು. ಒಳ್ಳೆಯ ಜೇಡಿಮಣ್ಣಿಗೂ ಹೆಂಚಿಗೂ ಹೆಸರಾದ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯನ್ನೇ ಹೊಂದಿರುವ ಆ ಊರು ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಲ್ಲಿ ಅಪ್ಪನ ಮಗ್ಗುಲಲ್ಲಿ ಕುಳಿತು ಕಲಿತವನು ನಮ್ಮ ಲೆಕ್ಕದಲ್ಲಿ ಕಲಾವಿದನಲ್ಲ, ಕುಶಲಕರ್ಮಿ. ಅವನ ಜಾಗ ಗ್ಯಾಲರಿಯಲ್ಲ, ಸಂತೆಯ ಗೋಣಿತಟ್ಟು. 2023ರಲ್ಲಿ ಬಂದ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರನೂ ಸೇರಿ 18 ಕಸುಬಿನವರಿಗೆ ಸಲಕರಣೆಗಾಗಿ 15,000 ರೂಪಾಯಿ ಇದೆ, ದಿನಕ್ಕೆ 500 ರೂಪಾಯಿ ಭತ್ಯೆಯ ಐದರಿಂದ ಏಳು ದಿನಗಳ ಮೂಲ ತರಬೇತಿಯೂ ಇದೆ. ನಲವತ್ತು ವರ್ಷ ತಿಗರಿ ತಿರುಗಿಸಿದವನಿಗೆ ಮಣ್ಣು ಎಂದರೇನು ಎಂಬುದನ್ನು ಕಲಿಸಲು ಐದು ದಿನ ಸಾಕೆಂದು ನಿರ್ಧರಿಸಿದ ಮಹನೀಯರ ಆತ್ಮವಿಶ್ವಾಸಕ್ಕೆ ನಮೋ ನಮಃ.

ಮೇಜಿನ ಮೇಲೆ ಗಾಜಿನ ಚೌಕಟ್ಟಿನಲ್ಲಿ 'ಮುಟ್ಟಬಾರದು' ಎಂಬ ಫಲಕವಿತ್ತು. ನಮ್ಮ ಅವ್ವ ಜಾತ್ರೆಯಲ್ಲಿ ಹರವಿಯನ್ನು ಕೊಳ್ಳುವಾಗ ಬೆರಳ ಗಿಣ್ಣಿನಿಂದ ಮೂರು ಕಡೆ ಬಾರಿಸಿ, ಕಿವಿಗೊಟ್ಟು ಕೇಳುತ್ತಿದ್ದಳು. ಟಣ್ ಎಂದರೆ ಚೆನ್ನಾಗಿ ಬೆಂದದ್ದು, ದಡ್ ಎಂದರೆ ಎಲ್ಲೋ ಸೀಳಿದೆ. ಅಭ್ಯಾಸಬಲದಿಂದ ನಾನೂ ಗಿಣ್ಣು ಎತ್ತಿದೆ. ಸ್ವಯಂಸೇವಕನೊಬ್ಬ ಓಡಿ ಬಂದು, "ಸರ, ಬಾರಿಸಬ್ಯಾಡ್ರಿ, ಇದು ಆರ್ಟ್ ಐತ್ರಿ" ಎಂದ. ಅದೇ ಹೊತ್ತಿಗೆ ವೇದಿಕೆಯ ಮೇಲೆ ಮೂರನೆಯ ಭಾಷಣಕಾರರು ಕುಂಬಾರ ಗುಂಡಯ್ಯನನ್ನು ನೆನೆಯುತ್ತಿದ್ದರು. ಗುಂಡಯ್ಯ ಗಡಿಗೆ ಬಾರಿಸಿದ ಸದ್ದಿಗೆ ಶಿವನು ಬಂದು ಕುಣಿದನೆಂಬುದು ಕಥೆ. ಈ ಗ್ಯಾಲರಿಗೆ ಬಂದಿದ್ದರೆ ಶಿವನನ್ನೂ ಹಗ್ಗದ ಆಚೆಗೇ ನಿಲ್ಲಿಸುತ್ತಿದ್ದರು.

ಭಾಷಣಕಾರರ ಮುಂದೆ ಸಾಲಾಗಿ ಪ್ಲಾಸ್ಟಿಕ್ ನೀರಿನ ಬಾಟಲಿಗಳಿದ್ದವು. ಮಣ್ಣಿನ ಸಂಸ್ಕೃತಿಯ ಕುರಿತು ಇಪ್ಪತ್ತು ನಿಮಿಷ ಮಾತನಾಡಿ ಗಂಟಲು ಒಣಗಿದಾಗಲೆಲ್ಲ ಅವರು ಮುಚ್ಚಳ ತಿರುವುತ್ತಿದ್ದರು. ಸನ್ಮಾನದ ಹಣ್ಣಿನ ಬುಟ್ಟಿಗೂ ಪ್ಲಾಸ್ಟಿಕ್ಕಿನ ಹೊದಿಕೆ, ನೆನಪಿನ ಕಾಣಿಕೆಯೂ ಪ್ಲಾಸ್ಟಿಕ್ಕಿನದೇ. ಇದನ್ನು ನೋಡಿ ನಗಬೇಕೆಂದೇ ಬರೆಯಲು ಕುಳಿತೆ, ಆದರೆ ನಗು ಬರುತ್ತಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು ಕೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ನಾವು, ಗಣೇಶನ ಹಬ್ಬದಲ್ಲಿ ನಿಷೇಧವಿದ್ದರೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯನ್ನೇ ಮೆರೆಸುವ ನಾವು, ವರ್ಷಕ್ಕೊಮ್ಮೆ ಹೀಗೆ ಶಾಲು ಹೊದಿಸಿ ಕೈತೊಳೆದುಕೊಳ್ಳುತ್ತೇವೆ. ಸಾಕಾಗಿದೆ.

ಮಾರಾಟವಾದವೆಲ್ಲ ಆಕ್ರಿಲಿಕ್ ಬಣ್ಣ ಬಳಿದ ಗಡಿಗೆಗಳು. ಬಣ್ಣವು ಸಣ್ಣ ರಂಧ್ರಗಳನ್ನು ಮುಚ್ಚಿದರೆ ನೀರು ಜಿನುಗುವುದಿಲ್ಲ. ಜಿನುಗಿದ ನೀರು ಆರುವಾಗಲೇ ಒಳಗಿನದು ತಣ್ಣಗಾಗುವುದರಿಂದ, ಆ ಗಡಿಗೆಗಳು ಇನ್ನು ಕೊಡೆ ಇಡುವುದಕ್ಕೆ ಮಾತ್ರ ಯೋಗ್ಯ. "ಬಣ್ಣ ಇರಲಾರದ್ದು ಯಾರೂ ಒಯ್ಯಂಗಿಲ್ರಿ" ಎಂದು ಗಡಿಗೆ ಮಾಡಿದ ಆ ಹಿರಿಯರು ನನ್ನ ಕಿವಿಯಲ್ಲಿ ಹೇಳಿ, ಹಿಂಬಾಗಿಲ ಹತ್ತಿರ ತಮಗಾಗಿ ತುಂಬಿಸಿಟ್ಟಿದ್ದ ಬಣ್ಣವಿಲ್ಲದ ಗಡಿಗೆಯಿಂದ ಒಂದು ಲೋಟ ನೀರು ಕೊಟ್ಟರು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ನಾನು ಲೋಟ ಕೆಳಗಿಡುವಷ್ಟರಲ್ಲಿ ಅದೇ ಸ್ವಯಂಸೇವಕ ಬಂದು, ಗಡಿಗೆ ಸೋರುತ್ತಿದೆಯೆಂದು ಬೈದು, ಟೈಲ್ಸ್ ಒರೆಸಿ, ಅದರ ಅಡಿಗೆ ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಸರಿಸಿ ಹೋದ.