ಹಳೇ ಕಬ್ಬಿಣ, ಹಳೇ ಉಪಗ್ರಹ!

ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿಕೊಂಡು ಆಟವಾಡುವವರಿಗೆ ಅಂತರಿಕ್ಷದ ಗುಜರಿ ವ್ಯಾಪಾರದಷ್ಟು ಸಲೀಸಾದ ಕಸುಬು ಇನ್ನೊಂದಿಲ್ಲ. ನೌಕೆ ಹತ್ತಿದಿರಿ, ಥ್ರಾಟಲ್ ಮುಂದಕ್ಕೆ ತಳ್ಳಿದಿರಿ, ತೇಲುತ್ತಿರುವ ಹಾಳು ನೌಕೆಗೆ ಕೊಕ್ಕೆ ಎಸೆದಿರಿ, ಹೊಟ್ಟೆ ಕೊಯ್ದು ರಿಯಾಕ್ಟರ್ ಕಿತ್ತಿರಿ, ನಿಲ್ದಾಣಕ್ಕೆ ತಂದು ಮಾರಿದಿರಿ. ಸಾಲ ತೀರಿತು, ದೊಡ್ಡ ಎಂಜಿನ್ ಬಂತು. ತೂಕದಲ್ಲಿ ಮೋಸವಿಲ್ಲ, ಮಾಮೂಲಿ ಕೇಳುವವರಿಲ್ಲ, 'ಯಾರ ಮಾಲಯ್ಯಾ ಇದು?' ಎಂದು ಠಾಣೆಗೆ ಕರೆಸುವವರೂ ಇಲ್ಲ. ಕೆಳಗೆ ಹೀಗೆ ಪಳಗಿದ ಕೈಗಳಿವೆ, ಮೇಲೆ ನಿಜವಾದ ಅಂತರಿಕ್ಷದಲ್ಲಿ ಬೇಕಾದಷ್ಟು ಕಸವಿದೆ. ಎರಡನ್ನೂ ಸೇರಿಸಿಬಿಟ್ಟರೆ ಲೋಕಕಲ್ಯಾಣವಾದೀತೆಂದು ಈ ಕೈಪಿಡಿ.

ಮೊದಲು ಮನೆಯೊಳಗಿನ ತಯಾರಿ. ಕೂತೇ ಆಡಿ. ನಿಂತೇ ತೀರುತ್ತೇನೆ ಎನ್ನುವವರಿಗೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಖಾಲಿ ಜಾಗ ಬೇಕು. ನೆತ್ತಿಯ ಮೇಲೆ ಫ್ಯಾನ್ ತಿರುಗುತ್ತಿರಬಾರದು, ಏಕೆಂದರೆ ಕಾಕ್‌ಪಿಟ್‌ನ ಅರ್ಧ ಸ್ವಿಚ್ಚುಗಳು ತಲೆಯ ಮೇಲಿರುತ್ತವೆ. 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರಗಳಂತೆ, ಪ್ರತಿ ಚಿತ್ರವೂ ಸುಮಾರು 11 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಪದೇ ಪದೇ ತಡವಾದರೆ ಹೊಟ್ಟೆ ತೊಳಸುತ್ತದೆ. ಕಣ್ಣೆದುರು ಕಾಕ್‌ಪಿಟ್‌ನ ಕಿಟಕಿ ಚೌಕಟ್ಟು ಅಲ್ಲಾಡದೆ ನಿಂತಿರುವತನಕ ತಲೆ ತಡೆಯುತ್ತದೆ. ನೌಕೆಯಿಂದ ಹೊರಬಿದ್ದು ಮಗ್ಗುಲಿಗೆ ಉರುಳಲು ಶುರುಮಾಡಿದಿರೋ, ಮಧ್ಯಾಹ್ನದ ಊಟ ಈಚೆ ಬರುತ್ತದೆ. ನೋಟದ ಅಂಚು ಕಪ್ಪಾಗಿಸುವ ಸೆಟ್ಟಿಂಗ್ ಇದ್ದರೆ ನಾಚಿಕೊಳ್ಳದೆ ಹಾಕಿಕೊಳ್ಳಿ. ಆಟ ಮುಗಿದ ಮೇಲೆ ಹೆಡ್‌ಸೆಟ್ಟನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಅದರ ಲೆನ್ಸು ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸಿ ಪರದೆ ಸುಡುತ್ತದೆ; ಆಮೇಲೆ ಯಾವ ಆಟ ಹಾಕಿದರೂ ಅದೇ ಮೂಲೆಯಲ್ಲಿ ಒಂದು ಹೊಸ ಗ್ರಹ ಕಾಣಿಸುತ್ತದೆ. ಅದಕ್ಕೆ ಹೆಸರಿಡಲು ಹೋಗಬೇಡಿ.

ಇಷ್ಟು ಕಲಿತವರು ನಿಜವಾದ ಕಕ್ಷೆಗೆ ಹೋದಾಗ ಮಾಡಬೇಕಾದ ಮೊದಲ ಕೆಲಸ, ಕಲಿತದ್ದನ್ನು ಮರೆಯುವುದು. ನಿಮ್ಮದೇ ಕಕ್ಷೆಯಲ್ಲಿ, ಸ್ವಲ್ಪ ಮುಂದೆ ಗುಜರಿ ಹೋಗುತ್ತಿದೆ ಎನ್ನಿ. ಹಿಡಿಯಲು ಥ್ರಾಟಲ್ ಮುಂದಕ್ಕೆ ತಳ್ಳಿದರೆ ನಿಮ್ಮ ಕಕ್ಷೆ ದೊಡ್ಡದಾಗುತ್ತದೆ, ಸುತ್ತು ಮುಗಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ನೀವು ಇನ್ನೂ ಹಿಂದೆ ಬೀಳುತ್ತೀರಿ. ಮುಂದಿರುವುದನ್ನು ಹಿಡಿಯಬೇಕಾದರೆ ಬ್ರೇಕ್ ಹಾಕಿ ಕೆಳಗಿಳಿಯಬೇಕು. ಕಕ್ಷೆಯ ಓರೆ ಬೇರೆಯಾಗಿದ್ದರಂತೂ ಖರ್ಚಿಗೆ ಮಿತಿಯಿಲ್ಲ: ಸೆಕೆಂಡಿಗೆ 7.5 ಕಿ.ಮೀ. ವೇಗದಲ್ಲಿ ಒಂದೇ ಒಂದು ಡಿಗ್ರಿ ವಾಲಿಸಲು ಸೆಕೆಂಡಿಗೆ ಸುಮಾರು 130 ಮೀಟರ್ ವೇಗ ಬದಲಾವಣೆ ಬೇಕು, ಹತ್ತು ಡಿಗ್ರಿಗೆ 1,300. ಆಟದಲ್ಲಿ ಒಂದು ಗುಜರಿಯಿಂದ ಇನ್ನೊಂದಕ್ಕೆ ಎರಡು ನಿಮಿಷದ ದಾರಿ. ಮೇಲೆ ಅಷ್ಟರಲ್ಲಿ ಟ್ಯಾಂಕೇ ಖಾಲಿ.

ಹತ್ತಿರ ತಲುಪಿದಿರಿ ಎಂದೇ ಇಟ್ಟುಕೊಳ್ಳೋಣ. ಗುಜರಿ ಗಿರಗಿರ ತಿರುಗುತ್ತಿರುತ್ತದೆ, ಅದಕ್ಕೆ ಹಿಡಿಕೆ ಇಲ್ಲ, ಕೊಕ್ಕೆ ಹಾಕಿದರೆ ಅದರ ತಿರುಗಾಟ ನಿಮಗೂ ಅಂಟುತ್ತದೆ. ಒಳಗೆ ಉಳಿಕೆ ಇಂಧನ ಇರಬಹುದು. 2001ರ ಅಕ್ಟೋಬರಿನಲ್ಲಿ ಹಾರಿದ ಇಸ್ರೋದ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟಿನ ನಾಲ್ಕನೇ ಹಂತ ಕೆಲಸ ಮುಗಿಸಿ, ಯಾರ ತಂಟೆಗೂ ಹೋಗದೆ ಸುತ್ತುತ್ತಿದ್ದದ್ದು, ಡಿಸೆಂಬರಿನಲ್ಲಿ ತಾನಾಗಿ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಆಮೇಲಿನ ರಾಕೆಟ್‌ಗಳಲ್ಲಿ ಇಸ್ರೋ ಉಳಿದ ಇಂಧನವನ್ನು ಹೊರಬಿಟ್ಟು ಖಾಲಿ ಮಾಡುವ ಕ್ರಮ ತಂದಿತು.

ಭೌತಶಾಸ್ತ್ರವನ್ನಾದರೂ ಕಲಿತು ಗೆಲ್ಲಬಹುದು. ಕಾಗದಪತ್ರವನ್ನು ಗೆಲ್ಲಲಾಗದು. 1967ರ ಬಾಹ್ಯಾಕಾಶ ಒಪ್ಪಂದದ ಎಂಟನೇ ವಿಧಿ ಹೇಳುವಂತೆ, ಮೇಲೆ ಹೋದ ವಸ್ತುವಿನ ಒಡೆತನ ಅದು ಎಲ್ಲಿದ್ದರೂ ಬದಲಾಗುವುದಿಲ್ಲ. ಕೆಟ್ಟರೂ, ಬಿಡಿಭಾಗವಾಗಿ ಬಿದ್ದರೂ ಅಷ್ಟೇ. ಸಮುದ್ರದಲ್ಲಿ ಮುಳುಗುವ ಹಡಗನ್ನು ಕಾಪಾಡಿದವನಿಗೆ ಅದರ ಬೆಲೆಯಲ್ಲೊಂದು ಪಾಲು ಹಕ್ಕಾಗಿ ಸಿಗುತ್ತದೆ. ಮೇಲೆ ಹಾಗಿಲ್ಲ. ಸತ್ತ ಉಪಗ್ರಹವನ್ನು ಅಪ್ಪಣೆಯಿಲ್ಲದೆ ಮುಟ್ಟಿದವನು ಕಳ್ಳ. 2007ರಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹಕ್ಕೆ ಕ್ಷಿಪಣಿ ಹೊಡೆದು ಮಾಡಿದ ಮೂರು ಸಾವಿರಕ್ಕೂ ಮೀರಿದ ಚೂರುಗಳಿಗೂ ಚೀನಾವೇ ಮಾಲೀಕ. ಒಂದು ಚೂರು ಎತ್ತಬೇಕಾದರೂ ಅಲ್ಲಿಗೇ ಅರ್ಜಿ ಹಾಕಬೇಕು.

ಇನ್ನು 1972ರ ಹೊಣೆಗಾರಿಕೆ ಒಪ್ಪಂದ. ಅದರ ಪ್ರಕಾರ ಅಂತರಿಕ್ಷದಲ್ಲಿ ಒಂದು ಇನ್ನೊಂದಕ್ಕೆ ಬಡಿದರೆ, ತಪ್ಪು ಯಾರದೆಂದು ಸಾಬೀತಾದ ಮೇಲಷ್ಟೇ ಪರಿಹಾರ. ನಿಷ್ಕ್ರಿಯವಾಗಿ ಸುತ್ತುವ ಕಸದ ತಪ್ಪೇನೆಂದು ತೋರಿಸುವುದು ಹೇಗೆ? ಅದನ್ನು ಹಿಡಿಯಲು ಹೋಗಿ ಕೈತಪ್ಪಿ ಒಡೆದವನ ತಪ್ಪು ಮಾತ್ರ ವಿಡಿಯೊ ಸಮೇತ ಸಿಗುತ್ತದೆ. ಎಸೆದವನು ನಿರಾಳ, ಗುಡಿಸಲು ಹೋದವನ ಸರ್ಕಾರಕ್ಕೆ ನೋಟಿಸು.

ಹಾಗಾದರೆ ಈ ವ್ಯಾಪಾರ ಎಂದೂ ನಡೆದೇ ಇಲ್ಲವೇ? ಒಮ್ಮೆ ನಡೆದಿದೆ. 1984ರಲ್ಲಿ ಪಲಾಪಾ ಬಿ2, ವೆಸ್ಟಾರ್ 6 ಎಂಬ ಎರಡು ಉಪಗ್ರಹಗಳು ಮೋಟಾರು ಕೈಕೊಟ್ಟು ಬೇಡದ ಕಕ್ಷೆಯಲ್ಲಿ ಉಳಿದವು. ವಿಮಾ ಕಂಪನಿಗಳು ಹಣ ಕೊಟ್ಟು ಮಾಲು ತಮ್ಮದಾಗಿಸಿಕೊಂಡವು. ಒಡೆತನದ ತಕರಾರು ಅಲ್ಲಿಗೆ ಮುಗಿಯಿತು. ನವೆಂಬರಿನಲ್ಲಿ ನಾಸಾದ ಡಿಸ್ಕವರಿ ಷಟಲ್ ನೌಕೆ ಹೋಯಿತು. ಪಲಾಪಾದ ತಲೆಗೆ ಬಿಗಿಯಬೇಕಿದ್ದ ಚೌಕಟ್ಟು ಕೂರಲೇ ಇಲ್ಲ. ನಕ್ಷೆಯಲ್ಲಿ ಲೆಕ್ಕಕ್ಕೆ ಬರದಿದ್ದ ಒಂದು ಭಾಗ ಅಡ್ಡ ಬಂತು. ಗಗನಯಾತ್ರಿ ಜೋ ಆ್ಯಲನ್ ಸುಮಾರು ತೊಂಬತ್ತು ನಿಮಿಷ, ಭೂಮಿಗೊಂದು ಸುತ್ತು ಬರುವಷ್ಟು ಹೊತ್ತು, ಉಪಗ್ರಹವನ್ನು ಕೈಯಲ್ಲೇ ಎತ್ತಿ ಹಿಡಿದು ನಿಂತರು. ಕೊನೆಗೆ ಜೊತೆಗಾರ ಡೇಲ್ ಗಾರ್ಡ್ನರ್ 'ಮಾರಾಟಕ್ಕಿದೆ' ಎಂಬ ಬೋರ್ಡು ಹಿಡಿದು ಫೋಟೊ ತೆಗೆಸಿಕೊಂಡರು. ಮಾಲು ಭೂಮಿಗಿಳಿದು ಮಾರಾಟವೂ ಆಯಿತು, 1990ರಲ್ಲಿ ಎರಡೂ ಮತ್ತೆ ಹಾರಿದವು. ಆ ಷಟಲ್‌ಗಳು 2011ರಲ್ಲಿ ನಿವೃತ್ತವಾಗಿ ಈಗ ಮ್ಯೂಸಿಯಂ ವಸ್ತುಗಳು.

ನಮ್ಮ ಕಡೆಯೂ ಕೆಲಸ ನಡೆದಿದೆ. ಯಾವ ಚೂರು ಯಾವ ಉಪಗ್ರಹದ ಹತ್ತಿರ ಬರುತ್ತದೆಂದು ಲೆಕ್ಕ ಹಾಕುವ ಇಸ್ರೋ ಕೇಂದ್ರ 2022ರಿಂದ ಬೆಂಗಳೂರಿನಲ್ಲಿದೆ. 2030ರಿಂದ ಕಸ ಬಿಡುವುದಿಲ್ಲ ಎಂಬ ಸಂಕಲ್ಪವೂ ಆಗಿದೆ. 2025ರ ಜನವರಿಯಲ್ಲಿ ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಉಪಗ್ರಹಗಳು ಕೂಡಿಕೊಂಡದ್ದು ನಿಜವಾಗಿಯೂ ಚೆಂದದ ಕೆಲಸ. ಆದರೆ ಅವೆರಡೂ ನಿಶ್ಚಿತಾರ್ಥವಾಗಿಯೇ ಮೇಲೆ ಹೋದವು, ಗುಜರಿಗೆ ಆ ಸೌಜನ್ಯವಿಲ್ಲ. ಅಂದಹಾಗೆ, 2019ರ ಮಾರ್ಚ್‌ನಲ್ಲಿ ನಾವೂ ನಮ್ಮದೇ ಉಪಗ್ರಹವೊಂದನ್ನು ಹೊಡೆದೆವು. ಚೂರುಗಳು ಕೆಲವೇ ವಾರಗಳಲ್ಲಿ ಉದುರುತ್ತವೆ ಎಂದಿತ್ತು ಸರ್ಕಾರಿ ಪ್ರಕಟಣೆ. ಕೆಲವು ಚೂರು ಅದನ್ನು ಓದಿರಲಿಲ್ಲವಾಗಿ ವರ್ಷ ದಾಟಿಯೂ ಸುತ್ತುತ್ತಿದ್ದವು.

ಬಂಡವಾಳದ ಲೆಕ್ಕಕ್ಕೆ ಬರೋಣ. ರಾಕೆಟ್ಟೊಂದು ಬಿಟ್ಟುಹೋದ 112 ಕಿಲೋ ತೂಕದ ವೆಸ್ಪಾ ಎಂಬ ಭಾಗವನ್ನು ಇಳಿಸಲು ಯುರೋಪಿನ ಅಂತರಿಕ್ಷ ಸಂಸ್ಥೆ 2020ರಲ್ಲಿ 8.6 ಕೋಟಿ ಯೂರೋ ಗುತ್ತಿಗೆ ಕೊಟ್ಟಿತು. ಕಿಲೋಗೆ ಏಳೂವರೆ ಲಕ್ಷ ಯೂರೋ ಮೀರಿತು, ಅದೂ ಗುಜರಿ ಸುಟ್ಟು ಬೂದಿಯಾಗಲಿಕ್ಕೆ. ಎತ್ತುವ ನೌಕೆ ಹಾರುವ ಮೊದಲೇ, 2023ರಲ್ಲಿ, ವೆಸ್ಪಾದ ಸುತ್ತ ಹೊಸ ಚೂರುಗಳು ಕಂಡವು. ಕಸಕ್ಕೆ ಬೇರೆ ಯಾವುದೋ ಕಸ ಬಡಿದಿರಬೇಕು ಎಂದರು. ಮುಂದಿನ ವರ್ಷ ವೆಸ್ಪಾವನ್ನು ಬಿಟ್ಟು ಬೇರೆ ಗುರಿ ಆರಿಸಿಕೊಂಡರು.

ಗುಡಿಸುವ ದರ ಇದು. ಎಸೆಯುವ ದರವೂ 2023ರಲ್ಲೇ ಗೊತ್ತಾಯಿತು. ಡಿಶ್ ಎಂಬ ಅಮೆರಿಕದ ಕಂಪನಿ ತನ್ನ ಹಳೆಯ ಎಕೋಸ್ಟಾರ್-7 ಉಪಗ್ರಹವನ್ನು ಬೇರೆಯವರ ದಾರಿಗೆ ಅಡ್ಡವಾಗದಂತೆ, ಭೂಮಿಯ ಜೊತೆಗೇ ತಿರುಗುವ ಭೂಸ್ಥಿರ ಕಕ್ಷೆಗಿಂತ 300 ಕಿ.ಮೀ. ಮೇಲಕ್ಕೆ ಸಾಗಿಸುತ್ತೇನೆ ಎಂದು ಬರೆದುಕೊಟ್ಟಿತ್ತು. ಇಂಧನ ಸಾಲದೆ 122ಕ್ಕೇ ಬಿಟ್ಟಿತು. ಅಂತರಿಕ್ಷದ ಕಸಕ್ಕಾಗಿ ಅಲ್ಲಿನ ಸಂಪರ್ಕ ಆಯೋಗ ವಿಧಿಸಿದ ಮೊಟ್ಟಮೊದಲ ದಂಡ ಇದೇ: 1.5 ಲಕ್ಷ ಡಾಲರ್. ಕಂಪನಿ ಕಟ್ಟಲು ಒಪ್ಪಿತು. ಬಾಕಿ 178 ಕಿ.ಮೀ. ಯಾರೂ ಕೇಳಲಿಲ್ಲ, ಖಾಲಿ ಟ್ಯಾಂಕಿನ ಉಪಗ್ರಹ ಅದಕ್ಕೆ ಉತ್ತರಿಸುವ ಸ್ಥಿತಿಯಲ್ಲೂ ಇರಲಿಲ್ಲ.