ಫೋನ್ ನೋಡೋದು ಅಂಗಡಿ ಒಳಗಲ್ಲ, ಬಿಸಿಲಿಗೆ ತಂದು

ಅಪ್ಪನ ಕೈಗೆ ಹೊಸ ಫೋನ್ ಬಂದು ಹತ್ತು ತಿಂಗಳಾಯಿತು. 9,500 ರೂಪಾಯಿಯ ಫೋನ್. ಆಗ ಗೆಳೆಯರು ಕೆಲವರು "ಹೇಗಿದೆ ಹೇಳು, ನಮ್ಮ ಮನೆಗೂ ಒಂದು ಬೇಕು" ಅಂದಿದ್ದರು. ಕೊಂಡ ವಾರದಲ್ಲೇ ಹೇಳೋದು ಬೇಡ ಅಂತ ಸುಮ್ನಿದ್ದೆ. ಹೊಸದರಲ್ಲಿ ಎಲ್ಲ ಫೋನೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ತೊಗರಿ ರಾಶಿ ಮುಗಿದ ಮೇಲೆ ಈಗ ಬರೆಯುತ್ತಿದ್ದೇನೆ.

ಮಾಡೆಲ್ ಹೆಸರು ಹಾಕುವುದಿಲ್ಲ. ಆರು ತಿಂಗಳಿಗೆ ಒಂದು ಹೋಗಿ ಇನ್ನೊಂದು ಬರುತ್ತದೆ, ನೀವು ಅಂಗಡಿಗೆ ಹೋಗುವಷ್ಟರಲ್ಲಿ ಆ ಹೆಸರೇ ಇರುವುದಿಲ್ಲ. ಈ ದುಡ್ಡಿನಲ್ಲಿ ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅನ್ನೋದನ್ನು ಹೇಳುತ್ತೇನೆ.

ನಮ್ಮ ಹೊಲ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿದೆ. ತೊಗರಿ, ಒಂದಿಷ್ಟು ಹತ್ತಿ. ಮಾತಾಡಲಿಕ್ಕೆ ಅಪ್ಪನಿಗೆ ಹಳೆ ಫೋನೇ ಸಾಕಾಗಿತ್ತು. ಕಷ್ಟ ಆಗಿದ್ದು ಬೆಳೆ ಸಮೀಕ್ಷೆಗೆ. 2020ರಿಂದ ನಮ್ಮ ರಾಜ್ಯದಲ್ಲಿ ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆಯ ವಿವರ ಹಾಕಬಹುದು. ಆ ಸರ್ವೆ ನಂಬರಿನ ಹೊಲದಲ್ಲೇ ನಿಂತು, ಬೆಳೆ ಯಾವುದು ಅಂತ ಆರಿಸಿ, ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ಮುಂದೆ ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ, ಬೆಳೆ ಹಾನಿ ಪರಿಹಾರ ಎಲ್ಲಕ್ಕೂ ಆ ದಾಖಲೆ ನೋಡುತ್ತಾರೆ. ತಪ್ಪಿದರೆ ನಷ್ಟ ನಮಗೇ.

ಹಳೆ ಫೋನ್ ಇದ್ದಾಗ ಒಂದು ವರ್ಷ ಅಪ್ಪ ಹೊಲದಿಂದ ಫೋನ್ ಮಾಡಿದರು. "ತಮ್ಮಾ, ಇದ್ರಾಗ ಏನೂ ಕಾಣವಲ್ದು. ನೀನೇ ಬಾ." ಮರುದಿನ ಕಲಬುರಗಿಯಿಂದ ಬಸ್ ಹತ್ತಿ ಹೋದೆ. ನನ್ನ ಮುಂದೆಯೇ ಇನ್ನೊಮ್ಮೆ ಮಾಡಿ ತೋರಿಸಿದರು. ಹೆಗಲ ಮೇಲಿನ ಟವೆಲ್ ತಲೆಗೆ ಹೊದ್ದು, ಫೋನನ್ನು ಅದರೊಳಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬೆರಳು ಒತ್ತಿದ್ದು ಎಲ್ಲಿ ಅಂತ ಅವರಿಗೇ ಗೊತ್ತಿಲ್ಲ. ತೊಗರಿ ಬದಲು ಅದರ ಕೆಳಗಿನ ಬೇರೆ ಬೆಳೆ ಆಯ್ಕೆ ಆಗಿತ್ತು. ಐವತ್ತು ವರ್ಷ ತೊಗರಿ ಬೆಳೆದ ಮನುಷ್ಯ, ತನ್ನ ಬೆಳೆಯ ಹೆಸರು ತನಗೇ ಕಾಣದೆ ನಿಂತಿದ್ದರು. ಅದು ಈಗಲೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಅದಕ್ಕೇ ಹೋದ ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಫೋನ್ ತಗೊಳ್ಳಲು ಹೋದಾಗ ಅಪ್ಪನನ್ನೂ ಕರೆದುಕೊಂಡು ಹೋದೆ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಗಿಸುವ ಊರು ನಮ್ಮದು. ನಾವು ಹೋಗಿದ್ದು ಹನ್ನೆರಡರ ಸುಮಾರಿಗೆ, ಬೇಕಂತಲೇ. ಒಂದೇ ಬೆಲೆಯ ಮೂರು ಫೋನ್ ತೆಗೆಸಿ, ಹೊರಗೆ ಬಿಸಿಲಲ್ಲಿ ನೋಡಬೇಕು ಅಂದೆ. ಅಂಗಡಿಯ ಹುಡುಗನಿಗೆ ಆಶ್ಚರ್ಯ. "ಹೊರಗ್ಯಾಕ್ರಿ ಸರ್, ಇಲ್ಲೇ ನೋಡ್ರಿ, ಎಷ್ಟ್ ಛಂದ ಅದ" ಅಂದ. ಆಮೇಲೆ ಅವನೇ ಫೋನ್ ಹಿಡಿದುಕೊಂಡು ಜೊತೆಗೆ ಬಂದ.

ಮೂರರಲ್ಲೂ ಆಟೊ ಬ್ರೈಟ್‌ನೆಸ್ ಆನ್ ಮಾಡಿ, ಬೆಳಕು ಪೂರ್ತಿ ಏರಿಸಿ ಒಂದೇ ಕನ್ನಡ ಸುದ್ದಿ ತೆರೆದೆ. ಮೊದಲನೆಯದರಲ್ಲಿ ಅಪ್ಪನಿಗೆ ಕಂಡಿದ್ದು ತಮ್ಮದೇ ಮುಖ, ಕನ್ನಡಿಯ ಹಾಗೆ. ಎರಡನೆಯದರಲ್ಲಿ ದಪ್ಪ ಅಕ್ಷರದ ತಲೆಬರಹ ಕಂಡಿತು, ಕೆಳಗಿನದು ಇಲ್ಲ. ಮೂರನೆಯದನ್ನು ಹಿಡಿದು ಒಂದು ಸಾಲು ಜೋರಾಗಿ ಓದಿದರು. "ಇದು ಅದ ನೋಡು. ಇದ್ರಾಗ ಕಾಣ್ತದ" ಅಂದರು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಇದೇ ಮೂರೂ ಒಂದೇ ಥರ ಹೊಳೆಯುತ್ತಿದ್ದವು.

ಡಿಸ್‌ಪ್ಲೇಯ ಬೆಳಕನ್ನು ನಿಟ್ಸ್ ಅಂತ ಅಳೆಯುತ್ತಾರೆ. ಈ ಬೆಲೆಯಲ್ಲಿ ಎಷ್ಟೋ ಫೋನುಗಳು 450, 500 ನಿಟ್ಸ್‌ಗೆ ನಿಂತುಬಿಡುತ್ತವೆ. ಮನೆಯೊಳಗೆ ಅದು ಧಾರಾಳ ಸಾಕು. ನಮ್ಮ ಬಿಸಿಲಿಗೆ ಸಾಲದು. ನಾವು ತಗೊಂಡಿದ್ದರಲ್ಲಿ ಬಿಸಿಲಿಗೆ 800ರ ತನಕ ಏರುತ್ತದೆ ಅಂತ ಬರೆದಿದೆ. ಇನ್ನೊಂದು ಮಾತು. ತುಂಬಾ ಫೋನುಗಳಲ್ಲಿ ಆ ಹೆಚ್ಚಿನ ಬೆಳಕು ಬರುವುದು ಆಟೊ ಬ್ರೈಟ್‌ನೆಸ್ ಆನ್ ಇದ್ದಾಗ ಮಾತ್ರ. ಕೈಯಿಂದ ಪೂರ್ತಿ ಏರಿಸಿದರೂ ಅಷ್ಟು ಬರುವುದಿಲ್ಲ. ಬಿಸಿಲಲ್ಲಿ ಕಾಣಲ್ಲ ಅನ್ನುವವರು ಮೊದಲು ಅದನ್ನು ಆನ್ ಮಾಡಿ ನೋಡಿ.

ಅದರ ಬದಲಿಗೆ ಬಿಟ್ಟಿದ್ದು ಏನು? ಬಣ್ಣ ಗಾಢವಾಗಿ ಕಾಣುವ ಅಮೋಲೆಡ್ ಸ್ಕ್ರೀನ್ ಇಲ್ಲ, ಸಾದಾ ಎಲ್‌ಸಿಡಿ. ರೆಸಲ್ಯೂಶನ್, ಅಂದರೆ ಸ್ಕ್ರೀನಿನ ಚುಕ್ಕೆಗಳ (ಪಿಕ್ಸೆಲ್) ಲೆಕ್ಕ, 720 ಮಾತ್ರ, 1080 ಇಲ್ಲ. ವಿಡಿಯೊ ಮಾಡಿ ವಿಮರ್ಶೆ ಹೇಳುವವರು ಈ 720ಕ್ಕೆ ಮೂಗು ಮುರಿಯುತ್ತಾರೆ. ನನಗೆ ಅದು ಕೊರತೆ ಅನಿಸಲಿಲ್ಲ. ಅಪ್ಪ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿಕೊಂಡಿದ್ದಾರೆ ಅಂದರೆ ಒಂದು ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು. ಆ ಅಳತೆಯಲ್ಲಿ ಒತ್ತಕ್ಷರ ಕೂಡ ಸ್ಪಷ್ಟವಾಗಿಯೇ ಕಾಣುತ್ತದೆ. ಪಿಕ್ಸೆಲ್ ಕಡಿಮೆ ಇದ್ದಷ್ಟು ಪ್ರೊಸೆಸರಿಗೂ ಭಾರ ಕಡಿಮೆ.

ನಿಜವಾಗಿ ಏಟು ಬಿದ್ದಿದ್ದು ಸ್ಟೋರೇಜ್‌ನಲ್ಲಿ. ಎರಡನೇ ಫೋನಿನಲ್ಲಿ ವೇಗದ ಯುಎಫ್‌ಎಸ್ ಸ್ಟೋರೇಜ್ ಇತ್ತು. ಅಪ್ಪ ಆರಿಸಿದ್ದರಲ್ಲಿ ಹಳೆಯ, ನಿಧಾನದ ಇಎಂಎಂಸಿ. ಒಳ್ಳೆಯ ಬೆಳಕು, ವೇಗದ ಸ್ಟೋರೇಜ್ ಎರಡೂ ಒಂದೇ ಫೋನಿನಲ್ಲಿ ಬೇಕಂದರೆ ಆ ಅಂಗಡಿಯಲ್ಲಿ ಇನ್ನೂ ಎರಡು ಸಾವಿರ ಜಾಸ್ತಿ ಆಗುತ್ತಿತ್ತು. ನಾನು ಅಷ್ಟು ಹಾಕಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಡಬ್ಬಿ ಮೇಲೆ 64 ಜಿಬಿ, 128 ಜಿಬಿ ಅಂತ ಮಾತ್ರ ದೊಡ್ಡದಾಗಿ ಇರುತ್ತದೆ. ಯಾವ ಥರದ್ದು ಅಂತ ಇರುವುದಿಲ್ಲ. ಇಎಂಎಂಸಿ ಅಂದರೆ ನಮ್ಮ ಹೊಲಕ್ಕೆ ಹೋಗುವ ಬಂಡಿ ದಾರಿ ಇದ್ದ ಹಾಗೆ. ಎದುರಿಗೆ ಒಂದು ಬಂಡಿ ಬಂತು ಅಂದರೆ ಇನ್ನೊಂದು ಬದಿಗೆ ನಿಲ್ಲಬೇಕು. ಓದುವಾಗ ಬರೆಯಲಿಕ್ಕೆ ಆಗುವುದಿಲ್ಲ, ಬರೆಯುವಾಗ ಓದಲಿಕ್ಕೆ ಆಗುವುದಿಲ್ಲ. ಯುಎಫ್‌ಎಸ್‌ನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಇಎಂಎಂಸಿ 5.1ರ ದಾರಿಯ ಮಿತಿಯೇ ಸೆಕೆಂಡಿಗೆ 400 ಎಂಬಿ. ಯುಎಫ್‌ಎಸ್ 2.2ರಲ್ಲಿ ಅದು ಸುಮಾರು ಮೂರು ಪಟ್ಟು. ಕೊಂಡ ಹೊಸದರಲ್ಲಿ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಸ್ಟೋರೇಜ್ ತುಂಬುತ್ತಾ ಬಂದ ಹಾಗೆ ಗೊತ್ತಾಗುತ್ತದೆ.

ನಮಗೆ ಗೊತ್ತಾಗಿದ್ದು ಎಂಟನೇ ತಿಂಗಳಿಗೆ. ಫೋನ್ ಬಂತು ಅಂದರೆ ರಿಂಗ್ ಆಗುತ್ತದೆ, ಸ್ಕ್ರೀನ್ ಮೇಲೆ ಯಾರ ಹೆಸರೂ ಬರುವುದಿಲ್ಲ. ಅಪ್ಪ ಎತ್ತಲಿಕ್ಕೆ ಬೆರಳು ಎಳೆಯುತ್ತಾರೆ, ಅದು ಏಳುವುದಿಲ್ಲ. "ಹ್ಯಾಂಗ್ ಆಗ್ಯಾದ" ಅಂತ ಸಪ್ಪೆ ಮುಖ ಮಾಡಿದರು. ನೋಡಿದರೆ 64 ಜಿಬಿಯಲ್ಲಿ ಉಳಿದಿದ್ದು 3 ಜಿಬಿ. ಎಲ್ಲ ವಾಟ್ಸ್ಆ್ಯಪ್ ಗುಂಪುಗಳ ಫೋಟೊ, ವಿಡಿಯೊ. ಜೊತೆಗೆ, ತೆರೆದ ಆ್ಯಪ್‌ಗಳು ಓಡುವ ಜಾಗ ಜಾಸ್ತಿ ಮಾಡಲಿಕ್ಕೆ "ವರ್ಚುವಲ್ ರ‍್ಯಾಮ್" ಅಂತ 4 ಜಿಬಿ ಆನ್ ಇತ್ತು. ಡಬ್ಬಿ ಮೇಲೆ 8 ಜಿಬಿ ರ‍್ಯಾಮ್ ಅಂತ ಬರೆದಿದ್ದು ಇದನ್ನು ಸೇರಿಸಿಯೇ. ನಿಜವಾದ ರ‍್ಯಾಮ್ 4. ಉಳಿದ 4 ಅನ್ನು ಅದೇ ನಿಧಾನದ ಸ್ಟೋರೇಜ್‌ನಿಂದ ಕಡ ತಂದಿರುತ್ತಾರೆ. ಓದುಬರಹ ಕಡಿಮೆ ಇರುವ ಜನಕ್ಕೆ ಹೀಗೆ ಕೂಡಿಸಿ ಬರೆದು ಮಾರುವುದು ನನಗೆ ಸರಿ ಕಾಣುವುದಿಲ್ಲ. ತೂಕದಲ್ಲಿ ಕಲ್ಲು ಸೇರಿಸಿದ ಹಾಗೆ ಅದು.

ವರ್ಚುವಲ್ ರ‍್ಯಾಮ್ ಆಫ್ ಮಾಡಿದೆ. ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದೆ. ತತ್ವಪದ, ಭಜನೆಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಸಾಗಿಸಿದೆ. 20 ಜಿಬಿ ಖಾಲಿ ಆದ ಮೇಲೆ ಫೋನ್ ಮತ್ತೆ ಎದ್ದಿತು. ಕಾರ್ಡಿಗೆ ಬೇರೆ ಜಾಗ ಇರುವ ಫೋನ್ ಆಗಿದ್ದಕ್ಕೆ ಉಪಯೋಗ ಆಯಿತು.

ಅಂಗಡಿಯಲ್ಲಿ ಮತ್ತೆ ಅವೇ ಮೂರು ಫೋನ್ ಇಟ್ಟರೂ ನಾನು ಮೂರನೆಯದನ್ನೇ ತಗೊಳ್ಳುತ್ತೇನೆ. ನಿಧಾನದ ಫೋನಿನಲ್ಲಿ ಕೆಲಸ ತಡ ಆಗುತ್ತದೆ, ಕಾಣದ ಫೋನಿನಲ್ಲಿ ಆಗುವುದೇ ಇಲ್ಲ. ಆದರೆ ಎರಡು ಸಾವಿರ ಹೊಂದಿಸಲು ಆಗುವವರು ದಯವಿಟ್ಟು ಹೊಂದಿಸಿ. ಹೆಚ್ಚಿನ ಕ್ಯಾಮೆರಾಗೆ ಅಲ್ಲ, ಸ್ಟೋರೇಜ್‌ಗೆ.

ಕ್ಯಾಮೆರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 50 ಮೆಗಾಪಿಕ್ಸೆಲ್ ಅಂತ ಇದ್ದರೂ ನಾಲ್ಕು ಪಿಕ್ಸೆಲ್ ಕೂಡಿಸಿ 12.5ರ ಫೋಟೊ ಕೊಡುತ್ತದೆ. ಹಗಲಲ್ಲಿ ಚೆನ್ನಾಗಿದೆ, ರಾತ್ರಿ ಇಲ್ಲ. ತೀರಾ ಹತ್ತಿರದ ಫೋಟೊಗೆ ಅಂತ ಇರುವ ಪಕ್ಕದ 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕ್ಯಾಮೆರಾ ಬರೀ ಲೆಕ್ಕಕ್ಕೆ. ತೊಗರಿಗೆ ಕಾಯಿ ಕೊರೆಯುವ ಹುಳ ಬಿದ್ದಾಗ ಅಪ್ಪ ಅದರಲ್ಲಿ ತೆಗೆದ ಫೋಟೊಗಳೆಲ್ಲ ಮಂಜು ಮಂಜು. ಮುಖ್ಯ ಕ್ಯಾಮೆರಾವನ್ನು ಒಂದು ಗೇಣು ದೂರ ಹಿಡಿದು ತೆಗೆದು, ಆಮೇಲೆ ಕತ್ತರಿಸಿ ಕಳಿಸಿದರು. ಕಾಯಿಯ ತೂತು, ಅದರಿಂದ ಅರ್ಧ ಹೊರಗೆ ಬಂದ ಹಸಿರು ಹುಳ ಎರಡೂ ಕಂಡವು. ಯಾವ ಔಷಧ ಅಂತ ಕೇಳಲಿಕ್ಕೆ ಅಷ್ಟು ಸಾಕಾಯಿತು.

ಮುಂದಿನ ಕ್ಯಾಮೆರಾವನ್ನು ಹಗುರವಾಗಿ ನೋಡಬೇಡಿ. 2023ರಿಂದ ಪಿಎಂ ಕಿಸಾನ್ ಇ-ಕೆವೈಸಿಯನ್ನು (ಗುರುತಿನ ಪರಿಶೀಲನೆ) ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಬಹುದು. ಕೆಲಸ ಮಾಡಿ ಬೆರಳಚ್ಚು ಸವೆದ ಕೈಗಳಿಗೆ ಅದೇ ಅನುಕೂಲ.

ಬ್ಯಾಟರಿ 5,000 ಎಂಎಎಚ್. ಅಪ್ಪನ ಬಳಕೆಗೆ ಎರಡು ದಿನ ಬರುತ್ತದೆ, ಊರಲ್ಲಿ ಕರೆಂಟ್ ಹೋದರೂ ಚಿಂತೆ ಇಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನ ತಗಡಿನ ಮನೆಯಲ್ಲಿ ಚಾರ್ಜಿಗೆ ಇಟ್ಟರೆ ಫೋನ್ ಸುಡುತ್ತಿತ್ತು. ಹೊರಗೇ 43, 44 ಡಿಗ್ರಿ ಇರುವಾಗ ಒಳಗೆ ಇನ್ನೇನು? ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು, ಆಯುಷ್ಯ ಕಡಿಮೆ ಆಗುತ್ತದೆ. ಈಗ ಅಪ್ಪ ಬೆಳಗಿನ ಜಾವ ಎದ್ದ ಕೂಡಲೇ ಚಾರ್ಜಿಗೆ ಇಡುತ್ತಾರೆ, ಹೊಲಕ್ಕೆ ಹೊರಡುವಾಗ ತೆಗೆಯುತ್ತಾರೆ.

5ಜಿ ಸ್ಟಿಕರ್ ನೋಡಿ ಜಾಸ್ತಿ ದುಡ್ಡು ಹಾಕುವ ಮುಂಚೆ ಊರಲ್ಲಿ ಸಿಗ್ನಲ್ ಇದೆಯಾ ನೋಡಿ. ಸಿಮ್ಮೂ ನೋಡಿ. ಜಿಯೊ 5ಜಿ ಕಟ್ಟಿದ್ದು ಎಸ್‌ಎ ಪದ್ಧತಿಯಲ್ಲಿ (ಪೂರ್ತಿ ಬೇರೆಯೇ 5ಜಿ ಜಾಲ), ಏರ್‌ಟೆಲ್ ಶುರು ಮಾಡಿದ್ದು ಎನ್‌ಎಸ್‌ಎಯಲ್ಲಿ (4ಜಿ ಜಾಲದ ಆಸರೆಯಲ್ಲಿ ನಡೆಯುವ 5ಜಿ). ತೀರಾ ಅಗ್ಗದ ಕೆಲವು 5ಜಿ ಫೋನುಗಳು ಎಸ್‌ಎ ಮಾತ್ರ ಹಿಡಿಯುತ್ತವೆ. ಸಿಮ್ ಎನ್‌ಎಸ್‌ಎ ಕಡೆಯದಾದರೆ 5ಜಿ ಫೋನ್ ಇದ್ದೂ 4ಜಿಯೇ ಗತಿ.

ಫೋನಿಗೆ ಕಳ್ಳರು ನುಗ್ಗದಂತೆ ಕಂಪನಿ ಕಳಿಸುವ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳುವವರನ್ನು ನಾನು ಆ ಅಂಗಡಿಯಲ್ಲಿ ಕಾಣಲಿಲ್ಲ. ಅಪ್ಪನ ಖಾತೆ, ತೊಗರಿ ಮಾರಿದ ದುಡ್ಡು, ಯುಪಿಐ ಎಲ್ಲ ಈ ಫೋನಿನಲ್ಲೇ ಇದೆ. 2024ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದಾರೆ. ಅದು ಇದಕ್ಕಿಂತ ಮೇಲಿನ ಬೆಲೆಯದು, ಒಪ್ಪುತ್ತೇನೆ. ಆದರೆ ಒಂಬತ್ತು ಸಾವಿರ ಕೊಟ್ಟವನು ಅದೇ ಫೋನನ್ನು ಐದು ವರ್ಷ ಇಟ್ಟುಕೊಳ್ಳುವ ಮನುಷ್ಯ. ಎರಡು ವರ್ಷಕ್ಕೇ ಅಪ್‌ಡೇಟ್ ನಿಲ್ಲಿಸಿದರೆ ಅವನೇನು ಮಾಡಬೇಕು?

ಹೋದ ಮುಂಗಾರಿನ ಸಮೀಕ್ಷೆ ಅಪ್ಪ ಒಬ್ಬರೇ ಮಾಡಿದರು. ಜಿಪಿಎಸ್ ಮೊದಲು ಪಕ್ಕದ ಹೊಲ ತೋರಿಸಿತಂತೆ. ಬೇವಿನ ಮರದ ಕೆಳಗಿಂದ ಬಯಲಿಗೆ ಬಂದು ಎರಡು ನಿಮಿಷ ನಿಂತರು, ಸರಿ ಹೋಯಿತು. ಸಂಜೆ ಫೋನ್ ಮಾಡಿ, "ಎಲ್ಲಾ ಹಾಕೀನಿ ನೋಡು ತಮ್ಮಾ, ತೊಗರಿ ಅಂತೇ ಅದ" ಅಂದರು.

ಈಗ ಕಾಕಾಗೂ ಒಂದು ಬೇಕಂತೆ. ಭಾನುವಾರ ಸಂಜೆ ತಂಪೊತ್ತಿಗೆ ಕಲಬುರಗಿಗೆ ಬರುತ್ತೇನೆ ಅಂದರು. ಸಂಜೆ ಬ್ಯಾಡ್ರಿ ಕಾಕಾ, ಹನ್ನೆರಡಕ್ಕೆ ಬರ್ರಿ ಅಂತ ಹೇಳಿದ್ದೇನೆ.