ಚಿಗವ್ವನ ಕೋಳಿ, ಇಂಡೋನೇಷ್ಯಾದ ವೈರಸ್ಸು

2025ರ ಜನವರಿಯಾಗ ಉದಗೀರದಾಗ ಕಾಗಿ ಸತ್ತು ಬೀಳ್ಲತ್ತಾವಂತ ಸುದ್ದಿ ಬಂತು. ಮೊದ್ಲು ಯಾರೂ ತಲಿ ಕೆಡಿಸ್ಕೊಳ್ಳಿಲ್ಲ, ಕಾಗಿ ಸತ್ರ ಯಾರ್ ಅಳ್ತಾರ್ರಿ. ಆಮ್ಯಾಲ ಪ್ರಾಣಿ-ಹಕ್ಕಿ ರೋಗ ತಪಾಸ ಮಾಡೋ ಭೋಪಾಲ್ ಲ್ಯಾಬಿನಿಂದ ರಿಪೋರ್ಟ್ ಬಂತು, ಹಕ್ಕಿ ಜ್ವರ, ವೈರಸ್ಸಿನ ಹೆಸರು ಎಚ್5ಎನ್1. ಉದಗೀರ ಮಹಾರಾಷ್ಟ್ರದಾಗ ಅದ ಖರೆ, ಆದ್ರ ನಮ್ಮ ಕಮಲನಗರ ಕಡಿ ಮಂದಿಗಿ ಬೀದರಕಿಂತ ಅದೇ ಹತ್ರ, ಬಟ್ಟಿಗೂ ದವಾಖಾನಿಗೂ ಅಲ್ಲೇ ಹೋಗೋದು. ಕಾಗಿ ಏನ್ ಬಾರ್ಡರಿನ್ಯಾಗ ಆಧಾರ್ ತೋರ್ಸಿ ಬರ್ತಾವಾ?

ಅದೇ ಹೊತ್ತಿನ್ಯಾಗ ನಾ ಚಿಗವ್ವನ ಮನಿಗಿ ಹೋಗಿದ್ದೆ. ಒಂಬತ್ತು ಜವಾರಿ ಕೋಳಿ ಸಾಕಿದ್ಳು, ಎರಡು ದಿನದಾಗ ಐದು ಸತ್ತಿದ್ವು. ಹುಂಜ ಒಂದು ಗ್ವಾಡಿ ಮೂಲ್ಯಾಗ ಕುತ್ಗಿ ಒಳಗ ಎಳ್ಕೊಂಡು ಕುಂತಿತ್ತು, ತಲಿ ಮ್ಯಾಲಿನ ಕೆಂಪು ಜುಟ್ಟು ಕಪ್ಪ ತಿರುಗಿತ್ತು, ಕಾಳು ಚೆಲ್ಲಿದ್ರೂ ಕಣ್ಣ ತಗೀಲಿಲ್ಲ. "ಕೊಕ್ಕರೆ ರೋಗ ಅದ, ಪ್ರತಿ ಸಲ ಥಂಡಿಗಿ ಬರ್ತದ" ಅಂದ್ಳು. ಇರ್ಲಿಕ್ಕೂ ಸಾಕು, ನೋಡ್ಲಿಕ್ಕ ಎರಡೂ ಹಂಗೇ ಕಾಣ್ತಾವ. ನಾ ಅಂದೆ, ಚಿಗವ್ವಾ ಪಶು ದವಾಖಾನಿಗಿ ಒಂದು ಫೋನ್ ಮಾಡೋಣು, ಸ್ಯಾಂಪಲ್ ತಗೊಂಡು ಹೋಗ್ತಾರ. ಆಕಿ ನನ್ನ ಮುಖಾನೇ ನೋಡಿದ್ಳು. "ನೀ ಫೋನ್ ಮಾಡಿ ಬೀದರಕ್ ಹೋಗ್ತಿ ತಮ್ಮಾ. ಅವ್ರು ಬಂದು ಊರಾಗಿನ ಕೋಳಿ ಎಲ್ಲಾ ಚೀಲಕ್ಕ ತುಂಬಿ ಹುಗೀತಾರ. ಆಮ್ಯಾಲ ಊರ ಹೆಣ್ಮಕ್ಕಳು ಯಾರ ಬಾಗಲಿಗಿ ಬರ್ತಾರ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಯಾಕಂದ್ರ ಆಕಿ ಹೇಳಿದ್ದು ತಪ್ಪಲ್ಲ. ಹಕ್ಕಿ ಜ್ವರ ಅಂತ ಖಾತ್ರಿ ಆದ್ರ ಸುತ್ತ ಒಂದು ಕಿಲೋಮೀಟರಿನ್ಯಾಗಿನ ಕೋಳಿ ಎಲ್ಲಾ ಕೊಲ್ತಾರ, ಹತ್ತು ಕಿಲೋಮೀಟರ್ ತನಕ ನಿಗಾ ಇಡ್ತಾರ. ಪರಿಹಾರ ಅದ, ಕೇಂದ್ರ ಅರ್ಧಾ ರಾಜ್ಯ ಅರ್ಧಾ ಹಾಕ್ತಾವ, ಆದ್ರ ಅದು ಸರಕಾರ ಕೊಂದ ಕೋಳಿಗಿ ಮಾತ್ರ, ರೋಗದಿಂದ ಮೊದ್ಲೇ ಸತ್ತಿದ್ಕ ಏನೂ ಇಲ್ಲ. ಅಂದ್ರ ಚಿಗವ್ವನ ಐದು ಕೋಳಿ ಲೆಕ್ಕಕ್ಕೇ ಬರಂಗಿಲ್ಲ, ಉಳಿದ ನಾಕಕ್ಕ ಎಷ್ಟ ಬರ್ತದೋ ಯಾವಾಗ ಬರ್ತದೋ, ಮ್ಯಾಲಿಂದ ಊರವ್ರ ಬೈಗಳ ಫ್ರೀ.

ನಾ ಫೋನ್ ಮಾಡ್ಲಿಲ್ಲ. ಸುಳ್ಳ್ಯಾಕ ಹೇಳ್ಲಿ. ಸಂಜೀಗಿ ಆಕಿ ನೆಟ್ಟಗಿದ್ದ ಮೂರು ಕೋಳಿ ಕಾಲು ಕಟ್ಟಿ ಗಿರಾಕಿಗಿ ಕೊಟ್ಟು ರೊಕ್ಕ ಸೆರಗಿನ್ಯಾಗ ಗಂಟ ಹಾಕ್ಕೊಂಡ್ಳು. ಅದು ಕೊಕ್ಕರೆ ರೋಗ ಇತ್ತೋ ಹಕ್ಕಿ ಜ್ವರ ಇತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಗಬ್ಯಾಡ್ರಿ, ಇದೇ ಚಿಗವ್ವನ ಲೆಕ್ಕಾ ಒಂದು ದೇಶಾನೇ ಹಾಕಿತ್ತು. 2006-07ರಾಗ ಈ ರೋಗದಿಂದ ಮಂದಿ ಭಾಳ ಸಾಯ್ತಿದ್ದ ದೇಶ ಅಂದ್ರ ಇಂಡೋನೇಷ್ಯಾ. ಅವ್ರು ರೂಢಿ ಪ್ರಕಾರ ವೈರಸ್ ಸ್ಯಾಂಪಲ್ ವಿಶ್ವ ಆರೋಗ್ಯ ಸಂಸ್ಥೆ ಅಂದ್ರ ಡಬ್ಲ್ಯುಎಚ್‌ಒ ಲ್ಯಾಬಿಗಿ ಪುಕ್ಸಟ್ಟಿ ಕಳಸ್ತಿದ್ರು. ಆಮ್ಯಾಲ ನೋಡಿದ್ರ ಅದೇ ವೈರಸ್ಸಿನಿಂದ ಆಸ್ಟ್ರೇಲಿಯಾದ ಕಂಪನಿ ಒಂದು ಲಸಿಕಿ ಮಾಡ್ಲತ್ತದ, ಅದನ್ನ ಇವ್ರು ರೊಕ್ಕ ಕೊಟ್ಟು ತಗೋಬೇಕು, ಖರೇನೇ ಮಹಾಮಾರಿ ಬಂದ್ರ ರೊಕ್ಕ ಕೊಟ್ರೂ ಸಿಗಂಗಿಲ್ಲ, ಶ್ರೀಮಂತ ದೇಶದವ್ರು ಮೊದ್ಲೇ ಬುಕ್ ಮಾಡಿರ್ತಾರ. ಆಗಿನ ಆರೋಗ್ಯ ಮಂತ್ರಿ ಸಿತಿ ಫಾದಿಲಾ ಸುಪಾರಿ ಸ್ಯಾಂಪಲ್ ಕೊಡಂಗಿಲ್ಲ ಹೋಗ್ರಿ ಅಂದ್ರು. ಭಾಳ ಮಂದಿ ಆಕಿಗಿ ಬೈದ್ರು. ಆದ್ರ ಆಕಿ ಹಟ ಹಿಡಿದಿದ್ಕೇ 2011ರಾಗ ಒಂದು ಒಪ್ಪಂದ ಆಯ್ತು, ವೈರಸ್ ತಗೊಂಡು ಲಾಭ ಮಾಡೋ ಕಂಪನಿಗೋಳು ಲಸಿಕಿನ್ಯಾಗ ಒಂದು ಪಾಲು, ಇಷ್ಟು ರೊಕ್ಕ ಡಬ್ಲ್ಯುಎಚ್‌ಒಗ ಕೊಡ್ಬೇಕು ಅಂತ. ಸುದ್ದಿ ಕೊಟ್ಟವ್ರಿಗಿ ಏನಾರ ಸಿಕ್ರೇ ಸುದ್ದಿ ಬರ್ತದ, ಇಷ್ಟೇ.

ಹಂಗಂತ ಈ ರೋಗದ ಮ್ಯಾಲ ದೇಶಗೋಳು ಮಾಡೋ ಸಭಾಗೋಳು ವೇಸ್ಟ್ ಅನ್ನಲ್ಲ ನಾ. 2006ರ ಜನವರಿಯಾಗ ಬೀಜಿಂಗಿನ್ಯಾಗ ದೇಶಗೋಳೆಲ್ಲಾ ಕುಂತು ಬಡ ದೇಶಗೋಳ ತಯಾರಿಗಿ ಸುಮಾರು 190 ಕೋಟಿ ಡಾಲರ್ ಕೊಡ್ತೀವಿ ಅಂದ್ರು, ಮುಂದಿನ ತಿಂಗಳೇ ಮಹಾರಾಷ್ಟ್ರದ ನವಾಪುರದಾಗ ನಮ್ಮ ದೇಶದ ಮೊದ್ಲನೇ ಹಕ್ಕಿ ಜ್ವರ ಬಂತು, ಮರುವರ್ಷ ಡಿಸೆಂಬರಿನ್ಯಾಗ ದೆಹಲಿಯಾಗೇ ಮಂತ್ರಿಗೋಳ ಸಮ್ಮೇಳನ ಆಯ್ತು. ಭೋಪಾಲಿನ್ಯಾಗ ಇವತ್ತು ಲ್ಯಾಬ್ ಇಷ್ಟು ಚಲೋ ನಡೀತದಂದ್ರ ಇಂಥಾ ತಯಾರಿದೂ ಪಾಲು ಅದ. 2024ರ ಅಕ್ಟೋಬರಿನ್ಯಾಗ ಪೆಂಡಮಿಕ್ ಫಂಡ್ ಅಂತ ಮಹಾಮಾರಿ ತಯಾರಿಗಿ ಇರೋ ಜಾಗತಿಕ ನಿಧಿಯಿಂದ ಪ್ರಾಣಿಗೋಳ ರೋಗದ ನಿಗಾಕ್ಕಂತ ನಮ್ಮ ದೇಶಕ್ಕ 2.5 ಕೋಟಿ ಡಾಲರ್ ಸ್ಕೀಮೂ ಸುರು ಆಗ್ಯಾದ. ಚಲೋನೇ ಆಯ್ತು. ಆದ್ರ ಆ ರೊಕ್ಕಾ ಲ್ಯಾಬು, ಟ್ರೇನಿಂಗು, ಸಾಫ್ಟ್‌ವೇರ್ ದಾಟಿ ಕೋಳಿ ಗೂಡಿನ ತನಕ ಬರ್ತದಾ? ಸ್ಯಾಂಪಲ್ಲೇ ಬರ್ಲಿಲ್ಲಂದ್ರ ಲ್ಯಾಬ್ ಇಟ್ಕೊಂಡು ಏನ್ ಪೂಜಿ ಮಾಡೋದಾ?

ಇನ್ನೊಂದು ಮಜಾ ನೋಡ್ರಿ. ಎಲ್ಲಾರಿಗೂ ತಯಾರಿ ಪಾಠ ಹೇಳ್ತಿದ್ದ ಅಮೆರಿಕಾದಾಗ 2024ರಾಗ ಹಾಲಿನ ಆಕಳಿಗೇ ಈ ವೈರಸ್ ಬಂತು. ಮುಂದಿನ ಜನವರಿಯಾಗ ಟ್ರಂಪ್ ಕುರ್ಚಿ ಹತ್ತಿದ ದಿನಾನೇ ಡಬ್ಲ್ಯುಎಚ್‌ಒ ಬಿಡ್ತೀವಿ ಅಂತ ಸಹಿ ಹಾಕ್ದ. 2025ರ ಮೇದಾಗ ಉಳಿದ ದೇಶದವ್ರು ಜಿನೀವಾದಾಗ ಮಹಾಮಾರಿ ಒಪ್ಪಂದ ಪಾಸ್ ಮಾಡಿದ್ರು, ಆದ್ರ ವೈರಸ್ ಕೊಟ್ಟವ್ರಿಗಿ ಲಸಿಕಿ ಹೆಂಗ ಹಂಚೋದು ಅನ್ನೋ ಗಟ್ಟಿ ಭಾಗಾನೇ ಮುಂದಿನ ಮಾತುಕತಿಗಿ ಬಿಟ್ರು. ಮದ್ವಿ ಮಾಡಿ ವರದಕ್ಷಿಣಿ ಮಾತು ಆಮ್ಯಾಲ ಅಂದಂಗ, ಜಗಳ ಎಲ್ಲಿ ಆಗ್ತದ ನಮ್ಗೇನ್ ಗೊತ್ತಿಲ್ಲಾ?

ಕೆಲವ್ರು ಅಂತಾರ, ಮಂದಿಗಿ ಬರೋದು ಭಾಳ ಕಮ್ಮಿ, ಇಷ್ಟ್ಯಾಕ ಗದ್ದಲ ಅಂತ. ಕಮ್ಮಿ ಖರೆ. 2003ರಿಂದ ಇಡೀ ಜಗತ್ತಿನ್ಯಾಗ ಹತ್ತತ್ರ ಸಾವಿರ ಮಂದಿಗಿ ಬಂದದ, ಆದ್ರ ಹೆಚ್ಚುಕಮ್ಮಿ ಅರ್ಧ ಮಂದಿ ಸತ್ತಾರ. ಉದಗೀರದ ಕಾಗಿ ಸತ್ತು ಎರಡು ತಿಂಗಳಿಗೇ ಆಂಧ್ರದಾಗ ಎರಡು ವರ್ಷದ ಕೂಸೊಂದು ಇದೇ ರೋಗಕ್ಕ ಹೋಯ್ತು. ನಮ್ಮ ರಾಜ್ಯದಾಗೂ ಸಂಡೂರಿನ ಕುರೆಕುಪ್ಪದಾಗ ಆ ಹೊತ್ತಿಗೇ ಬಂದಿತ್ತು. (ಚೆಂದಗ ಬೇಯ್ಸಿದ ಚಿಕನ್ ತಿಂದ್ರ ಏನೂ ಆಗಂಗಿಲ್ಲ, ವಾಟ್ಸಪ್ ನೋಡಿ ಅಂಜಬ್ಯಾಡ್ರಿ.)

ನನ್ನ ಕೇಳಿದ್ರ ಸತ್ತ ಕೋಳಿಗೂ ರೊಕ್ಕ ಕೊಡ್ರಿ, ಮೊದ್ಲು ಹೇಳಿದವ್ರಿಗಿ ಎರಡು ಪಟ್ಟು ಕೊಡ್ರಿ, ಹೆಸರು ಹೊರಗ ಬಿಡಬ್ಯಾಡ್ರಿ. ಮೋಸ ಮಾಡ್ತಾರ ಅಂತೀರಾ? ಮಾಡ್ಲಿ ಬಿಡ್ರಿ ಒಂದಿಷ್ಟು ಮಂದಿ, ನಾಕು ಕೋಳಿ ರೊಕ್ಕದಾಗ ಯಾರೂ ಬಂಗ್ಲಾ ಕಟ್ಟಂಗಿಲ್ಲ.

ಚಿಗವ್ವ ಮತ್ತ ಎಂಟು ಮರಿ ತಂದಾಳ. ಹೋದ ವಾರ ಫೋನಿನ್ಯಾಗ ಕೇಳಿದೆ, ಈ ಸಲ ಸತ್ರ ದವಾಖಾನಿಗಿ ಹೇಳ್ತಿ ಏನ್ ಮತ್ತ? "ಮೊದ್ಲು ಅವ್ರ ರೇಟ್ ಎಷ್ಟದ ಕೇಳಿ ಹೇಳು ತಮ್ಮಾ" ಅಂದ್ಳು.